ಆನೆ ಮಾರ್ಕಿನ ಡೆಂಡಿ: ನಕಲು ಕನ್ಸೋಲ್ ರಷ್ಯಾದಲ್ಲಿ ಓಡಿದ ಬಗೆ

1992ರ ಕೊನೆಯಲ್ಲಿ ಮಾಸ್ಕೋದ ಅಂಗಡಿಗಳಿಗೆ ಡೆಂಡಿ ಎಂಬ ವಿಡಿಯೊ ಗೇಮ್ ಪೆಟ್ಟಿಗೆ ಬಂತು. ಅದನ್ನು ತಯಾರಿಸಿದ್ದು ತೈವಾನಿನಲ್ಲಿ. ಒಳಗಿನ ಚಿಪ್‌ಗಳ ಮೂಲ ವಿನ್ಯಾಸ ಜಪಾನಿನ ನಿಂಟೆಂಡೊ ಕಂಪನಿಯದು. ಅದರಲ್ಲಿ ಆಡುತ್ತಿದ್ದ ಆಟಗಳು ಕೊನಾಮಿ, ನಾಮ್ಕೊ, ಕ್ಯಾಪ್‌ಕಾಮ್ ಮುಂತಾದವರ ಶ್ರಮ. ಇದನ್ನು ಮಾರಿದ ಮಾಸ್ಕೋದ ಸ್ಟೀಪ್ಲರ್ ಕಂಪನಿ ತನ್ನದು ಎಂದು ಸೇರಿಸಿದ್ದು ಒಂದು ಹೆಸರು, ಡಬ್ಬಿಯ ಮೇಲೊಂದು ಆನೆ, ರಷ್ಯನ್ ಭಾಷೆಯ ಕೈಪಿಡಿ ಮತ್ತು ಟಿವಿ ಜಾಹೀರಾತು. ಇಷ್ಟರಿಂದಲೇ ಒಂದು ತಲೆಮಾರಿಗೆ ವಿಡಿಯೊ ಗೇಮ್ ಎಂದರೆ ಡೆಂಡಿ ಎಂದಾಯಿತು. ಯಾವ ಕಂಪನಿಯ ಕನ್ಸೋಲ್ ಇದ್ದರೂ ಮಕ್ಕಳು ಅದನ್ನು ಡೆಂಡಿ ಎಂದೇ ಕರೆದರು. ನಿಂಟೆಂಡೊ ಎಂಬ ಹೆಸರನ್ನು ಅವರಲ್ಲಿ ಬಹುಪಾಲು ಮಂದಿ ಕೇಳಿದ್ದು ವರ್ಷಗಳ ನಂತರ.

ಈ ಕಥೆಯನ್ನು ಸಾಮಾನ್ಯವಾಗಿ ಕಳ್ಳಮಾಲಿನ ಕಥೆ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಾಲದು. ಅಗ್ಗದ ನಕಲು ಪೆಟ್ಟಿಗೆಗಳು ಆಗ ಏಷ್ಯಾ, ಪೂರ್ವ ಯುರೋಪ್ ತುಂಬಾ ಹರಿದಾಡುತ್ತಿದ್ದವು. ಅವುಗಳಲ್ಲಿ ಒಂದು ಮಾತ್ರ ದೇಶದ ಮನೆಮಾತಾಗಬೇಕಾದರೆ ಚಿಪ್, ಟಿವಿ, ಕಾನೂನು, ವಿತರಣೆ ಈ ನಾಲ್ಕೂ ಕೂಡಿಬರಬೇಕಿತ್ತು. ಅವು ಹೇಗೆ ಕೂಡಿಬಂದವು ಎಂಬುದನ್ನು ಬಿಡಿಸಿ ನೋಡೋಣ.

ಹದವಾಗಿದ್ದ ನೆಲ

ಸೋವಿಯತ್ ಮಕ್ಕಳಿಗೆ ನಕಲು ಆಟಿಕೆ ಹೊಸತಾಗಿರಲಿಲ್ಲ. 1984ರಿಂದ ಎಲೆಕ್ತ್ರೋನಿಕಾ ಐಎಂ-02 ಎಂಬ ಕೈಯಲ್ಲಿ ಹಿಡಿಯುವ ಆಟ ಮಾರಾಟದಲ್ಲಿತ್ತು. ನಾಲ್ಕು ಕಡೆಯಿಂದ ಉರುಳಿ ಬರುವ ಮೊಟ್ಟೆಗಳನ್ನು ತೋಳ ಬುಟ್ಟಿಯಲ್ಲಿ ಹಿಡಿಯಬೇಕು. ತೋಳ 'ನು, ಪಗದಿ' ಎಂಬ ಜನಪ್ರಿಯ ಕಾರ್ಟೂನಿನದು. ಆಟ ಮಾತ್ರ ನಿಂಟೆಂಡೊ 1981ರಲ್ಲಿ ತಂದ 'ಗೇಮ್ ಅಂಡ್ ವಾಚ್' ಸರಣಿಯ 'ಎಗ್'ನ ತದ್ರೂಪ. ಸೋವಿಯತ್ ಸರ್ಕಾರಿ ಕಾರ್ಖಾನೆಗಳೇ ಮಾಡಿದ ಮಾಲು ಅದು. ಇನ್ನೊಂದು ಕಡೆ ಬ್ರಿಟನ್ನಿನ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನ ನಕಲುಗಳನ್ನು, ಲೆನಿನ್‌ಗ್ರಾದ್, ಪೆಂಟಗಾನ್ ಎಂಬ ಹೆಸರಿನವುಗಳನ್ನು, ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸುತ್ತಿದ್ದರು. ಅದರಲ್ಲಿ ಆಟ ಶುರುವಾಗಬೇಕಾದರೆ ಟೇಪ್ ರೆಕಾರ್ಡರ್ ಹಚ್ಚಿ ನಿಮಿಷಗಟ್ಟಲೆ ಕಾಯಬೇಕು. ಅರ್ಧದಲ್ಲಿ ಟೇಪ್ ಕೈಕೊಟ್ಟರೆ ಮತ್ತೆ ಮೊದಲಿನಿಂದ.

1992ರ ಜನವರಿ 2ರಂದು ರಷ್ಯಾ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟು ಏರಿದವು. ಉಳಿತಾಯದ ಹಣ ಕಣ್ಣೆದುರೇ ಕರಗುತ್ತಿತ್ತು. ಸಣ್ಣ ವ್ಯಾಪಾರಿಗಳು ಚೀನಾ, ಟರ್ಕಿ, ಪೋಲೆಂಡಿಗೆ ಹೋಗಿ ದೊಡ್ಡ ದೊಡ್ಡ ಚೀಲಗಳಲ್ಲಿ ಸಾಮಾನು ಹೊತ್ತು ತಂದು ಬಯಲು ಮಾರುಕಟ್ಟೆಗಳಲ್ಲಿ ಹರಡಿಕೊಂಡು ಕೂರುತ್ತಿದ್ದರು. ನಿಂಟೆಂಡೊ ಮತ್ತು ಸೆಗಾ ಕಂಪನಿಗಳ ಗಮನ ಜಪಾನ್, ಅಮೆರಿಕ, ಪಶ್ಚಿಮ ಯುರೋಪಿನ ಮೇಲಿತ್ತು, ರಷ್ಯಾದ ಮೇಲಲ್ಲ.

ವಿಕ್ಟರ್ ಸವ್ಯೂಕ್ ಎಂಬುವರು ಆಗ ಮಾಸ್ಕೋದ ಪ್ಯಾರಾಗ್ರಾಫ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಆಪಲ್‌ನ ನ್ಯೂಟನ್ ಸಾಧನಕ್ಕೆ ಕೈಬರಹ ಗುರುತಿಸುವ ಸಾಫ್ಟ್‌ವೇರ್ ಬರೆದುಕೊಟ್ಟದ್ದು ಅದೇ ಕಂಪನಿ. ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆ ಮಾರೋಣ ಎಂಬ ಅವರ ಯೋಚನೆಗೆ ಅಲ್ಲಿ ಉತ್ಸಾಹ ಸಿಗಲಿಲ್ಲ. ಕಂಪ್ಯೂಟರ್ ವ್ಯಾಪಾರದಲ್ಲಿದ್ದ ಸ್ಟೀಪ್ಲರ್ ಒಪ್ಪಿತು. ತೈವಾನಿನ ಟಿಎಕ್ಸ್‌ಸಿ ಕಂಪನಿ ಮೈಕ್ರೊ ಜೀನಿಯಸ್ ಎಂಬ ಹೆಸರಿನಲ್ಲಿ ಅಂಥ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅದರ ಐಕ್ಯೂ-501 ಮಾದರಿಗೆ ಹೊಸ ಹೆಸರು ಅಂಟಿಸಿದಾಗ ಡೆಂಡಿ ಕ್ಲಾಸಿಕ್ ಆಯಿತು. ಸ್ವಲ್ಪ ದಿನಕ್ಕೆ ಇನ್ನೂ ಅಗ್ಗದ ಡೆಂಡಿ ಜೂನಿಯರ್ ಬಂತು. ಇದು ಹೊರನೋಟದಲ್ಲೂ ನಿಂಟೆಂಡೊದ ಫ್ಯಾಮಿಕಾಮ್ ಅನ್ನೇ ಹೋಲುತ್ತಿತ್ತು. ಹೆಚ್ಚು ಮನೆಗಳನ್ನು ಮುಟ್ಟಿದ್ದು ಈ ಜೂನಿಯರ್.

ನಕಲಿಗೆ ಫ್ಯಾಮಿಕಾಮ್ ಯಾಕೆ ಸಲೀಸಾಯಿತು

ನಿಂಟೆಂಡೊ ಫ್ಯಾಮಿಕಾಮ್ ಅನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1983ರ ಜುಲೈ 15ರಂದು. ಡೆಂಡಿ ಬರುವ ಹೊತ್ತಿಗೆ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು. ನಿಂಟೆಂಡೊ, ಸೆಗಾ ಎರಡೂ ಆಗಲೇ 16 ಬಿಟ್‌ನ ಯಂತ್ರಗಳಿಗೆ ಹೋಗಿದ್ದವು. ಹಳೆಯ ಯಂತ್ರವೆಂದರೆ ಅಗ್ಗದ ಚಿಪ್, ಜತೆಗೆ ಈಗಾಗಲೇ ಸಿದ್ಧವಿರುವ ನೂರಾರು ಆಟಗಳು.

ಒಳಗಿನ ರಚನೆ ಎಷ್ಟು ಸರಳ ಎಂದರೆ, ಮುಖ್ಯ ಚಿಪ್‌ಗಳು ಎರಡೇ. ಒಂದು ಸಿಪಿಯು. ಅದು 6502 ಎಂಬ ಹೆಸರಾಂತ ಪ್ರೊಸೆಸರಿನ ಮಗ್ಗುಲಿಗೇ ಧ್ವನಿ ಹೊರಡಿಸುವ ಸರ್ಕ್ಯೂಟ್ ಸೇರಿಸಿ ರಿಕೊ ಕಂಪನಿ ಮಾಡಿಕೊಟ್ಟದ್ದು. ಇನ್ನೊಂದು ಚಿತ್ರ ಬಿಡಿಸುವ ಪಿಪಿಯು. ಪ್ರತಿಯೊಂದಕ್ಕೂ ಜತೆಯಾಗಿ 2 ಕಿಲೋಬೈಟ್ ಮೆಮೊರಿ. ತೈವಾನಿನ ಯುಎಂಸಿ ಕಂಪನಿ ಇವೆರಡರ ತದ್ರೂಪಗಳನ್ನು ಯುಎ6527ಪಿ, ಯುಎ6538 ಎಂಬ ಹೆಸರಿನಲ್ಲಿ ತಯಾರಿಸಿ ಯಾರು ಕೇಳಿದರೂ ಮಾರುತ್ತಿತ್ತು. ಮುಂದೆ ಇವೆಲ್ಲ ಒಂದೇ ಚಿಪ್‌ನೊಳಗೆ ಸೇರಿಕೊಂಡವು. ಆ ಚಿಪ್‌ನ ಮೇಲೆ ಕರಿ ಅಂಟಿನ ಒಂದು ಗುಂಡನೆಯ ಬೊಟ್ಟು. ಇಂಥ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕಾಣುವುದು ಬಹುಪಾಲು ಖಾಲಿ ಜಾಗವೇ.

ಫ್ಯಾಮಿಕಾಮ್‌ನಲ್ಲಿ ಎರಡು ಸಂಗತಿಗಳು ಇರಲಿಲ್ಲ. ನಕಲು ಮಾಡುವವರಿಗೆ ಅವು ವರವಾದವು. ಮೊದಲನೆಯದು, ಯಂತ್ರದೊಳಗೆ ನಿಂಟೆಂಡೊ ಬರೆದ ಪ್ರೋಗ್ರಾಂ ಒಂದು ಸಾಲೂ ಇಲ್ಲ. ಕಂಪ್ಯೂಟರಿನಲ್ಲಿ ಇರುವಂಥ ಬಯೋಸ್ ಆಗಲಿ, ಆಪರೇಟಿಂಗ್ ಸಿಸ್ಟಂ ಆಗಲಿ ಇಲ್ಲ. ಸ್ವಿಚ್ ಹಾಕಿದೊಡನೆ ಪ್ರೊಸೆಸರ್ ನೇರವಾಗಿ ಕಾರ್ಟ್ರಿಡ್ಜ್‌ನ ಕೊನೆಯ ಕೆಲವು ಬೈಟ್‌ಗಳನ್ನು ಓದಿ, ಅಲ್ಲಿ ಬರೆದಿರುವ ವಿಳಾಸಕ್ಕೆ ಜಿಗಿಯುತ್ತದೆ. ಹಾಗಾಗಿ ಚಿಪ್ ಸರಿಯಾಗಿ ನಕಲಾದರೆ ಯಂತ್ರವೇ ನಕಲಾದಂತೆ. ಬೇರೆಯವರ ಸಾಫ್ಟ್‌ವೇರ್ ಕದ್ದು ತುಂಬಬೇಕಾದ ಪ್ರಮೇಯ ಪೆಟ್ಟಿಗೆಯ ಮಟ್ಟಿಗಂತೂ ಬರುವುದಿಲ್ಲ.

ಎರಡನೆಯದು ಬೀಗ. ನಿಂಟೆಂಡೊ 1985ರಲ್ಲಿ ಅಮೆರಿಕಕ್ಕೆ ಇದೇ ಯಂತ್ರವನ್ನು ಎನ್‌ಇಎಸ್ ಎಂಬ ಹೆಸರಿನಲ್ಲಿ ಕೊಂಡೊಯ್ದಾಗ ಅದರಲ್ಲಿ ಕಾವಲು ಚಿಪ್ ಸೇರಿಸಿತು. ಕಾರ್ಟ್ರಿಡ್ಜ್‌ನಲ್ಲೂ ಅದರ ಜೋಡಿ ಚಿಪ್ ಇರಬೇಕು, ಎರಡೂ ಪರಸ್ಪರ ಗುರುತು ಹಿಡಿಯದಿದ್ದರೆ ಯಂತ್ರ ಓಡುವುದಿಲ್ಲ. ಜಪಾನಿನ ಫ್ಯಾಮಿಕಾಮ್‌ಗೆ ಆ ಬೀಗವಿರಲಿಲ್ಲ. ಎನ್‌ಇಎಸ್ ಕಾರ್ಟ್ರಿಡ್ಜ್‌ಗೆ 72 ಪಿನ್, ಫ್ಯಾಮಿಕಾಮ್‌ಗೆ 60 ಪಿನ್. ತೈವಾನಿನ ನಕಲುಗಳು ಹಿಡಿದದ್ದು ಈ 60 ಪಿನ್‌ನ ದಾರಿ. ಆ 60 ತಂತಿಗಳಲ್ಲಿ ಒಂದು ಗುಂಪು ಸಿಪಿಯುಗೆ ಹೋಗುತ್ತದೆ, ಇನ್ನೊಂದು ಗುಂಪು ನೇರವಾಗಿ ಪಿಪಿಯುಗೆ. ಆಟದ ಪ್ರೋಗ್ರಾಂ ಒಂದು ರಾಮ್ (ROM) ಚಿಪ್‌ನಲ್ಲಿ, ಚಿತ್ರದ ತುಣುಕುಗಳು ಇನ್ನೊಂದು ಚಿಪ್‌ನಲ್ಲಿ. ಕಾರ್ಟ್ರಿಡ್ಜ್ ಎಂದರೆ ಬರೀ ಸಂಗ್ರಹ ಆಗಿರಲಿಲ್ಲ, ಅದು ಯಂತ್ರದ ಅರ್ಧ ಭಾಗವೇ.

ಟಿವಿಯ ತಕರಾರು

ಪೆಟ್ಟಿಗೆ ಸಿದ್ಧ, ಆಟ ಸಿದ್ಧ. ಟಿವಿ ಮಾತ್ರ ಒಪ್ಪುವುದಿಲ್ಲ. ಜಪಾನ್, ಅಮೆರಿಕದ ಟಿವಿಗಳು ಎನ್‌ಟಿಎಸ್‌ಸಿ ಪದ್ಧತಿಯವು, ಸೆಕೆಂಡಿಗೆ ಸುಮಾರು 60 ಬಾರಿ ಪರದೆ ತುಂಬುತ್ತವೆ. ಸೋವಿಯತ್ ಒಕ್ಕೂಟ 1967ರಲ್ಲಿ ಬಣ್ಣದ ಪ್ರಸಾರ ಶುರುಮಾಡಿದ್ದು ಫ್ರಾನ್ಸಿನ ಸೆಕಾಮ್ ಪದ್ಧತಿಯಲ್ಲಿ, ಸೆಕೆಂಡಿಗೆ 50 ಬಾರಿ. ಪಶ್ಚಿಮ ಯುರೋಪಿನ ಬಹುಭಾಗ ಮತ್ತು ನಮ್ಮ ದೂರದರ್ಶನ ಹಿಡಿದದ್ದು ಪಾಲ್ ಪದ್ಧತಿ, ಅದೂ 50. ತೈವಾನಿನ ಚಿಪ್‌ಗಳಲ್ಲಿ ಪಾಲ್ ಮಾದರಿ ಸಿಗುತ್ತಿತ್ತು, ಆದ್ದರಿಂದ ಡೆಂಡಿ ಹೊರಡಿಸಿದ್ದು ಪಾಲ್ ಬಣ್ಣ. ಸೆಕಾಮ್ ಮಾತ್ರ ಬಲ್ಲ ಹಳೆಯ ಸೋವಿಯತ್ ಟಿವಿಯಲ್ಲಿ ಚಿತ್ರ ಮೂಡುತ್ತಿತ್ತು, ಆದರೆ ಕಪ್ಪು ಬಿಳುಪು. ವಿಸಿಆರ್ ಮೋಹ ಹಬ್ಬಿದ ಕಾಲದಿಂದ ಪಾಲ್ ಡಿಕೋಡರ್ ಎಂಬ ಸಣ್ಣ ಬೋರ್ಡು ಮಾರುಕಟ್ಟೆಯಲ್ಲಿತ್ತು. ಟಿವಿ ರಿಪೇರಿಯವರನ್ನು ಕರೆಸಿ ಅದನ್ನು ಕೂರಿಸಿಕೊಂಡವರ ಮನೆಯಲ್ಲಿ ಆಟದ ನಾಯಕ ಮಾರಿಯೋ ಕೆಂಪು ಟೋಪಿ ಹಾಕಿಕೊಂಡ, ಉಳಿದವರ ಮನೆಯಲ್ಲಿ ಬೂದು ಟೋಪಿ.

ಧ್ವನಿಯದ್ದು ಇನ್ನೊಂದು ಪೇಚು. ಆಂಟೆನಾ ತೂತಿಗೆ ಸಿಕ್ಕಿಸುವ ಪೆಟ್ಟಿಗೆ ಒಂದು ಪುಟ್ಟ ಟಿವಿ ಕೇಂದ್ರದಂತೆ ವರ್ತಿಸಬೇಕು. ಚಿತ್ರದ ಅಲೆಯಿಂದ ಧ್ವನಿಯ ಅಲೆ ಎಷ್ಟು ದೂರ ಇರಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸೋವಿಯತ್ ಟಿವಿಗೆ 6.5 ಮೆಗಾಹರ್ಟ್ಸ್, ಪಶ್ಚಿಮ ಯುರೋಪಿನ ಬಹುಭಾಗಕ್ಕೂ ಭಾರತಕ್ಕೂ 5.5. ತಪ್ಪು ಅಳತೆಯ ಪೆಟ್ಟಿಗೆ ತಂದರೆ ಚಿತ್ರ ಚೆನ್ನಾಗಿ ಬರುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ಬಯಲು ಮಾರುಕಟ್ಟೆಯಲ್ಲಿ ಚೀಲದಿಂದ ಕೊಂಡ ಮಾಲಿಗೂ, ದೇಶವನ್ನು ನೋಡಿ ಆರ್ಡರ್ ಕೊಟ್ಟು ತರಿಸಿದ ಮಾಲಿಗೂ ಇಂಥಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಶ್ರುತಿ ಉಳಿದು ಲಯ ಇಳಿದದ್ದು

60ರಿಂದ 50ಕ್ಕೆ ಇಳಿಯುವುದು ಕೇಳಲು ಸಣ್ಣ ಸಂಗತಿ. ಆಟದ ಪ್ರೋಗ್ರಾಂ ದೃಷ್ಟಿಯಿಂದ ಅದು ಬುಡವನ್ನೇ ಅಲ್ಲಾಡಿಸುವ ಬದಲಾವಣೆ. ತೈವಾನಿನ ಎಂಜಿನಿಯರುಗಳು ಇದನ್ನು ಬಿಡಿಸಿದ ರೀತಿ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾದದ್ದು.

ಪಿಪಿಯು ಮೇಲಿನಿಂದ ಕೆಳಕ್ಕೆ 240 ಗೆರೆ ಚಿತ್ರ ಬಿಡಿಸುತ್ತದೆ. ಬಿಡಿಸುತ್ತಿರುವಾಗ ಅದರ ಮೆಮೊರಿಗೆ ಯಾರೂ ಕೈಹಾಕುವಂತಿಲ್ಲ, ಹಾಕಿದರೆ ಚಿತ್ರ ಕೆಡುತ್ತದೆ. ಕೊನೆಯ ಗೆರೆ ಮುಗಿದು ಮತ್ತೆ ಮೇಲಿನಿಂದ ಶುರುವಾಗುವ ನಡುವೆ ಒಂದು ಚಿಕ್ಕ ಬಿಡುವು. ಕಂಪನಿ ನಾಟಕದಲ್ಲಿ ಪರದೆ ಬಿದ್ದು ಮತ್ತೆ ಏಳುವುದರೊಳಗೆ ಸೀನರಿ ಬದಲಾಯಿಸುವಂತೆ, ಆಟದ ಪ್ರೋಗ್ರಾಂ ಮುಂದಿನ ಚಿತ್ರಕ್ಕೆ ಬೇಕಾದ್ದನ್ನೆಲ್ಲ ಆ ಬಿಡುವಿನಲ್ಲೇ ಜೋಡಿಸಬೇಕು. ಜಪಾನಿನ ಯಂತ್ರದಲ್ಲಿ ಒಂದು ಚಿತ್ರಕ್ಕೆ ಒಟ್ಟು 262 ಗೆರೆಗಳ ಸಮಯ. ಅದರಲ್ಲಿ ಬಿಡುವು 20 ಗೆರೆ. ಬಿಡುವು ಶುರುವಾದಾಗ ಪಿಪಿಯು ಸಿಪಿಯುಗೆ ಒಂದು ಸೂಚನೆ ಕಳಿಸುತ್ತದೆ. ಅಲ್ಲಿಂದ ಮೊದಲ ಗೆರೆ ಬರುವವರೆಗೆ ಎಷ್ಟು ಹೆಜ್ಜೆ ಎಂದು ಎಣಿಸಿಯೇ ಕೆಲವು ಆಟಗಳು ಬರೆಯಲ್ಪಟ್ಟಿದ್ದವು.

ಪಾಲ್ ಟಿವಿಗೆ ಒಂದು ಚಿತ್ರಕ್ಕೆ 312 ಗೆರೆ ಬೇಕು. ಹೆಚ್ಚಿನ 50 ಗೆರೆಗಳನ್ನು ಎಲ್ಲಿ ತುಂಬುವುದು? ನಿಂಟೆಂಡೊ ತನ್ನ ಅಧಿಕೃತ ಯುರೋಪ್ ಯಂತ್ರದಲ್ಲಿ ಅವನ್ನೆಲ್ಲ ಬಿಡುವಿಗೆ ಸೇರಿಸಿ 70 ಗೆರೆ ಮಾಡಿತು. ಸಿಪಿಯುವಿನ ವೇಗವನ್ನೂ 1.79ರಿಂದ 1.66 ಮೆಗಾಹರ್ಟ್ಸ್‌ಗೆ ಇಳಿಸಿತು. ಆಟಗಳನ್ನು ಯುರೋಪಿಗೆಂದು ತಿದ್ದಿ ಮತ್ತೆ ಬಿಡುಗಡೆ ಮಾಡುತ್ತಿದ್ದ ಕಂಪನಿಗೆ ಅದು ನಡೆಯುತ್ತದೆ. ಜಪಾನಿನ ಆಟಗಳನ್ನು ಇದ್ದಂತೆಯೇ ಓಡಿಸಬೇಕಾದ ಯುಎಂಸಿ ಹಾಗೆ ಮಾಡುವಂತಿರಲಿಲ್ಲ. ಅದು ಹೆಚ್ಚಿನ ಗೆರೆಗಳನ್ನು ಚಿತ್ರ ಮುಗಿದ ತಕ್ಷಣದ ಖಾಲಿ ಸಮಯವಾಗಿ ಇಟ್ಟಿತು. 51 ಗೆರೆ ಸುಮ್ಮನೆ ಕಳೆದ ಮೇಲೆ ಸೂಚನೆ ಹೊರಡುತ್ತದೆ, ಅಲ್ಲಿಂದ ಮತ್ತೆ ಅದೇ 20 ಗೆರೆ. ಸಿಪಿಯು ವೇಗ 1.77 ಮೆಗಾಹರ್ಟ್ಸ್. ಪಿಪಿಯು ಮೂರು ಚುಕ್ಕೆ ಇಡುವಷ್ಟರಲ್ಲಿ ಸಿಪಿಯು ಒಂದು ಹೆಜ್ಜೆ ಇಡಬೇಕು ಎಂಬ ಜಪಾನಿ ಲೆಕ್ಕವೂ ಹಾಗೇ ಉಳಿಯಿತು. ಆಟಕ್ಕೆ ತಾನು ಬೇರೆ ದೇಶದಲ್ಲಿದ್ದೇನೆ ಎಂಬುದೇ ತಿಳಿಯದು. ಹೀಗಾಗಿ ಜಪಾನಿ ಆಟಗಳ ಮಟ್ಟಿಗೆ, ನಿಂಟೆಂಡೊದ್ದೇ ಯುರೋಪ್ ಯಂತ್ರಕ್ಕಿಂತ ಈ ನಕಲು ಹೆಚ್ಚು ನಿಷ್ಠೆಯಿಂದ ನಡೆದುಕೊಂಡಿತು.

ಒಂದನ್ನು ಮಾತ್ರ ತಪ್ಪಿಸಲಾಗಲಿಲ್ಲ. ಆಟದ ಚಲನೆಯೆಲ್ಲ ಚಿತ್ರಗಳ ಎಣಿಕೆಯ ಮೇಲೆ ನಿಂತದ್ದು. ಸೆಕೆಂಡಿಗೆ 60 ಚಿತ್ರದ ಬದಲು 50 ಆದಾಗ ಮಾರಿಯೋನ ಓಟ, ಶತ್ರುಗಳ ನಡಿಗೆ, ಗಡಿಯಾರ ಎಲ್ಲವೂ ಸುಮಾರು ಶೇಕಡ 17ರಷ್ಟು ನಿಧಾನ. ಸಂಗೀತದ ಸ್ವರ ಹುಟ್ಟುವುದು ಸಿಪಿಯು ವೇಗದಿಂದ. ಅದು ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದುದರಿಂದ ಶ್ರುತಿ ಕೆಡಲಿಲ್ಲ. ಸ್ವರದಿಂದ ಸ್ವರಕ್ಕೆ ಹೋಗುವುದು ಚಿತ್ರಗಳ ಎಣಿಕೆಯಲ್ಲಿ, ಹಾಗಾಗಿ ಲಯ ಇಳಿಯಿತು. ಈ ಪೆಟ್ಟಿಗೆಗಳಲ್ಲೇ ಆಡಿ ಬೆಳೆದವರು ಮುಂದೆ ಕಂಪ್ಯೂಟರಿನಲ್ಲಿ ಮೂಲ ವೇಗದ ಮಾರಿಯೋ ಆಡಿದಾಗ ಕೈ ತಪ್ಪುತ್ತದೆ. ಪರಿಚಿತ ಜಿಗಿತಗಳಲ್ಲೇ ಗುಂಡಿಗೆ ಬೀಳುತ್ತಾರೆ.

ಒಂದರಲ್ಲಿ ಒಂಬತ್ತು ಸಾವಿರ ಆಟ

ಕಾರ್ಟ್ರಿಡ್ಜ್‌ನ ಮೇಲೆ '9999 ಆಟಗಳು' ಎಂದು ಬರೆದಿರುತ್ತಿತ್ತು. ಹಾಕಿದರೆ ಮೆನುವಿನಲ್ಲಿ ನಿಜವಾಗಿಯೂ ಪುಟಗಟ್ಟಲೆ ಹೆಸರುಗಳು. ಆಡುತ್ತ ಹೋದರೆ ಬೇರೆ ಬೇರೆ ಆಟ ಐದೋ ಹತ್ತೋ, ಉಳಿದದ್ದು ಪುನರಾವರ್ತನೆ. ಇದು ನಡೆಯುವ ಬಗೆ ಹೀಗೆ.

ಆಗಿನ ಆಟಗಳು ತೀರಾ ಚಿಕ್ಕವು. ನಾಮ್ಕೊ 1985ರಲ್ಲಿ ತಂದ 'ಬ್ಯಾಟಲ್ ಸಿಟಿ'ಯನ್ನು ತೆಗೆದುಕೊಳ್ಳಿ. ಇಬ್ಬರು ಸೇರಿ ಟ್ಯಾಂಕ್ ಓಡಿಸುತ್ತ, ಇಟ್ಟಿಗೆ ಗೋಡೆಯ ನಡುವಿನ ಹದ್ದನ್ನು ಕಾಯುವ ಆಟ. ಪ್ರೋಗ್ರಾಂ 16 ಕಿಲೋಬೈಟ್, ಚಿತ್ರ 8, ಒಟ್ಟು 24 ಕಿಲೋಬೈಟ್. 'ಸೂಪರ್ ಮಾರಿಯೋ ಬ್ರದರ್ಸ್' 40 ಕಿಲೋಬೈಟ್. 1990ರ ದಶಕದ ಒಂದು ದೊಡ್ಡ ರಾಮ್ ಚಿಪ್‌ನಲ್ಲಿ ಇಂಥವು ಹತ್ತಾರು ಹಿಡಿಸುತ್ತವೆ. ಆದರೆ ಪ್ರೊಸೆಸರಿಗೆ ಒಮ್ಮೆಗೆ ಕಾಣುವುದು 32 ಕಿಲೋಬೈಟ್‌ನ ಕಿಟಕಿ ಮಾತ್ರ. ಆದ್ದರಿಂದ ಕಾರ್ಟ್ರಿಡ್ಜ್‌ನಲ್ಲಿ ಒಂದು ಅಗ್ಗದ ಲ್ಯಾಚ್ ಸರ್ಕ್ಯೂಟ್ ಇಟ್ಟು, ದೊಡ್ಡ ಚಿಪ್‌ನ ಯಾವ ಭಾಗ ಕಿಟಕಿಯಲ್ಲಿ ಕಾಣಬೇಕು ಎಂಬುದನ್ನು ಅದಕ್ಕೆ ಬಿಟ್ಟರು. ಸ್ವಿಚ್ ಹಾಕಿದಾಗ ಲ್ಯಾಚ್ ಸೊನ್ನೆಯಲ್ಲಿರುತ್ತದೆ, ಅಲ್ಲಿ ಮೆನು. ನೀವು ಒಂದು ಆಟ ಆರಿಸಿದರೆ ಮೆನು ಪ್ರೋಗ್ರಾಂ ಲ್ಯಾಚ್‌ಗೆ ಒಂದು ಸಂಖ್ಯೆ ಬರೆಯುತ್ತದೆ. ಕಿಟಕಿಯಲ್ಲಿ ಆ ಆಟ ಬಂದು ಕೂರುತ್ತದೆ. ಆಗ ಪ್ರೊಸೆಸರ್ ಅದರ ಆರಂಭದ ವಿಳಾಸಕ್ಕೆ ಜಿಗಿಯುತ್ತದೆ. ರಿಸೆಟ್ ಒತ್ತಿದರೆ ಬಹುತೇಕ ಕಾರ್ಟ್ರಿಡ್ಜ್‌ಗಳಲ್ಲಿ ಮತ್ತೆ ಮೆನು.

ಪುನರಾವರ್ತನೆಯಲ್ಲೂ ಒಂದು ಜಾಣತನವಿತ್ತು. ಮೆನುವಿನ 2ನೇ ಆಟವೂ 14ನೇ ಆಟವೂ ಒಂದೇ. ಆದರೆ 14 ಆರಿಸಿದಾಗ ಮೆನು ಹೊರಡುವ ಮೊದಲು ಮೆಮೊರಿಯಲ್ಲಿ ಒಂದೆರಡು ಬೈಟ್ ಬರೆದಿಟ್ಟು ಹೋಗುತ್ತದೆ. ಆಟವನ್ನು ಅದಕ್ಕೆ ತಕ್ಕಂತೆ ತಿದ್ದಿರುತ್ತಾರೆ. 'ಕಾಂಟ್ರಾ' ಎಂಬ ಆಟ ಮೂರನೇ ಹಂತದಿಂದ ಶುರುವಾಗುತ್ತದೆ, ಇಲ್ಲವೇ 30 ಜೀವಗಳೊಂದಿಗೆ. 'ಬ್ಯಾಟಲ್ ಸಿಟಿ' ಹೀಗೆಯೇ ತಿದ್ದಿಸಿಕೊಂಡು 'ಟ್ಯಾಂಕ್ 1990' ಆಯಿತು. ಆ ಕಾಲದಲ್ಲಿ ಅಮೆರಿಕದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಿರದ ಈ ಆಟ ರಷ್ಯಾದಲ್ಲಿ 'ತಾಂಚಿಕಿ' ಎಂಬ ಮುದ್ದಿನ ಹೆಸರಿನಿಂದ ಮನೆಮನೆಯದಾಯಿತು. ನಮ್ಮಲ್ಲೂ ಟಿವಿ ಗೇಮ್ ಇದ್ದ ಮನೆಯ ಮಕ್ಕಳೆಲ್ಲ ಅದನ್ನು ಆಡಿದವರೇ. ಇದರಿಂದ ನಾಮ್ಕೊಗೆ ಒಂದು ರೂಬಲ್ಲೂ ಹೋಗಲಿಲ್ಲ. ಅದನ್ನು ಬರೆದವರ ಹೆಸರೂ ಎಲ್ಲೂ ಬರಲಿಲ್ಲ. ಡೆಂಡಿಯನ್ನು ಎಷ್ಟೇ ಪ್ರೀತಿಯಿಂದ ನೆನೆದರೂ ಈ ಬಾಕಿ ಬಾಕಿಯೇ.

ವಿತರಕ ಕಟ್ಟಿದ್ದು

ಚಿಪ್ ತೈವಾನಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು ಎಂದ ಮೇಲೆ ಸ್ಟೀಪ್ಲರ್‌ನ ಹೆಚ್ಚುಗಾರಿಕೆ ಯಾವುದು? ಅದು ಮಾಲನ್ನು ಚೀಲದಿಂದ ಹೊರತೆಗೆದು ಅಂಗಡಿಯ ಕಪಾಟಿಗೆ ಏರಿಸಿತು. ಆನೆಯ ಚಿತ್ರವನ್ನು ಇವಾನ್ ಮಾಕ್ಸಿಮೋವ್ ಅವರಿಂದ ಬರೆಸಿತು. ಮಾಕ್ಸಿಮೋವ್ ಸಾಮಾನ್ಯ ಜಾಹೀರಾತು ಕಲಾವಿದರಲ್ಲ. ಅವರ 'ಬೊಲೆರೊ' ಎಂಬ ಕಿರು ಆನಿಮೇಷನ್ ಚಿತ್ರಕ್ಕೆ 1993ರ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರ ವಿಭಾಗದ ಗೋಲ್ಡನ್ ಬೇರ್ ಪ್ರಶಸ್ತಿ ಬಂತು. ಅಂಥವರ ಕೈಯಲ್ಲಿ ಹುಟ್ಟಿದ ಆನೆ ಡಬ್ಬಿಯ ಮೇಲೆ, ಪೋಸ್ಟರಿನಲ್ಲಿ, ಟಿವಿ ಜಾಹೀರಾತಿನಲ್ಲಿ ಎಲ್ಲೆಲ್ಲೂ ಕಾಣಿಸಿಕೊಂಡಿತು. ನಮ್ಮ ಹಳ್ಳಿ ಸಂತೆಗಳಲ್ಲಿ ಸರಕನ್ನು ಮಾರ್ಕಿನಿಂದ ಗುರುತು ಹಿಡಿಯುವ ರೂಢಿ ಬಲ್ಲವರಿಗೆ ಇದರ ಬಲ ಬಿಡಿಸಿ ಹೇಳಬೇಕಿಲ್ಲ.

ಊರೂರಿಗೆ ಡೀಲರುಗಳು ಹುಟ್ಟಿಕೊಂಡರು. ಜೋಡಣೆಯ ಕೆಲಸವನ್ನು ಮಾಸ್ಕೋ ಹತ್ತಿರದ ದುಬ್ನಾ ಪಟ್ಟಣದ ಟೆನ್ಜೋರ್ ಕಾರ್ಖಾನೆಗೂ ವಹಿಸಲಾಯಿತು. ದುಬ್ನಾ ಅಣುವಿಜ್ಞಾನದ ಸಂಶೋಧನೆಗೆ ಹೆಸರಾದ ಊರು. 1993ರಲ್ಲಿ 'ವಿಡಿಯೊ-ಆಸ್ ಡೆಂಡಿ' ಎಂಬ ಮಾಸಪತ್ರಿಕೆ ಶುರುವಾಯಿತು. ಯಾವ ಹಂತ ಹೇಗೆ ದಾಟಬೇಕು, ಗುಟ್ಟಿನ ಬಾಗಿಲು ಎಲ್ಲಿದೆ ಎಂಬುದನ್ನು ಅದು ರಷ್ಯನ್ ಭಾಷೆಯಲ್ಲಿ ತಿಳಿಸುತ್ತಿತ್ತು. ಮುಂದೆ ಅದೇ 'ವೆಲೀಕಿ ಡ್ರಾಕೋನ್' ಎಂಬ ಹೆಸರಿನ ಪತ್ರಿಕೆಯಾಯಿತು. ಆಟದ ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷ್ ಇಲ್ಲವೇ ಜಪಾನಿ. ತಮ್ಮ ಭಾಷೆಯ ಇಂಥ ಕೈದೀವಿಗೆ ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಆಟ ಮೊದಲ ಹಂತಕ್ಕೇ ನಿಲ್ಲುತ್ತಿತ್ತು.

1994ರಲ್ಲಿ ಟಿವಿ ಕಾರ್ಯಕ್ರಮವೂ ಬಂತು. ಹೆಸರು 'ಡೆಂಡಿ: ಹೊಸ ವಾಸ್ತವ'. ನಡೆಸಿಕೊಟ್ಟವರು ಸೆರ್ಗೆಯ್ ಸುಪೋನೆವ್. ಮಕ್ಕಳ ಕಾರ್ಯಕ್ರಮಗಳಿಂದ ರಷ್ಯಾದ ಮನೆಗಳಲ್ಲಿ ಆಗಲೇ ಪರಿಚಿತ ಮುಖ. ಅವರು ಹೊಸ ಆಟಗಳನ್ನು ತೋರಿಸುತ್ತ, ದೊಡ್ಡವರ ಗತ್ತಿಲ್ಲದೆ, ತಾನೂ ಆಡುತ್ತಿದ್ದೇನೆ ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದರು. ಕಾರ್ಯಕ್ರಮ 1996ರವರೆಗೆ ನಡೆಯಿತು. ಸುಪೋನೆವ್ 2001ರಲ್ಲಿ ಹಿಮವಾಹನದ ಅಪಘಾತದಲ್ಲಿ ತೀರಿಕೊಂಡಾಗ ಆ ತಲೆಮಾರು ಮನೆಯವರನ್ನು ಕಳೆದುಕೊಂಡಂತೆ ಮರುಗಿತು. ನಕಲು ಮಾಲಿಗೆ ಇಷ್ಟೆಲ್ಲ ಮಾಡುವ ವಿತರಕರು ಬೇರೆ ದೇಶಗಳಲ್ಲಿ ಬಹಳ ಕಡಿಮೆ. ಪೋಲೆಂಡಿನ ಪೆಗಾಸಸ್ ಒಂದು ಸಮೀಪ ಬರುತ್ತದೆ.

ಅಪ್ಪ ಅಮ್ಮಂದಿರ ಆತಂಕವೂ ಇತ್ತು. ಗೇಮ್ ಆಡಿದರೆ ಟಿವಿಯ ಪಿಕ್ಚರ್ ಟ್ಯೂಬ್ ಹಾಳಾಗುತ್ತದೆ ಎಂಬ ಮಾತು ರಷ್ಯಾದ ತುಂಬಾ ಹಬ್ಬಿತ್ತು, ನಮ್ಮಲ್ಲೂ ಇದೇ ಮಾತು ಕೇಳುತ್ತಿತ್ತು. ಅಲುಗಾಡದ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಟ್ಯೂಬಿನ ಲೇಪದ ಮೇಲೆ ಕಲೆ ಉಳಿಯಬಹುದು ಎಂಬುದು ನಿಜ. ದಿನಕ್ಕೆ ಒಂದೆರಡು ಗಂಟೆಯ ಮಾರಿಯೋನಿಂದ ಟ್ಯೂಬ್ ಸಾಯುವುದಿಲ್ಲ.

ಕಾನೂನು ತಡವಾಗಿ ಬಂತು

ಕಂಪ್ಯೂಟರ್ ಪ್ರೋಗ್ರಾಂಗಳಿಗೆ ರಕ್ಷಣೆ ಕೊಡುವ ಕಾನೂನು ರಷ್ಯಾದಲ್ಲಿ 1992ರ ಸೆಪ್ಟೆಂಬರಿನಲ್ಲೇ ಬಂದಿತ್ತು, 1993ರಲ್ಲಿ ಹಕ್ಕುಸ್ವಾಮ್ಯದ ಕಾನೂನು. ಕಾಗದದ ಮೇಲಿದ್ದದ್ದು ಮಾರುಕಟ್ಟೆಯ ಕಟ್ಟೆಗೆ ಇಳಿಯಲು ವರ್ಷಗಳು ಹಿಡಿದವು. ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ರಷ್ಯಾ ಸೇರಿದ್ದು 1995ರ ಮಾರ್ಚ್ 13ರಂದು. ಡೆಂಡಿಯ ಬಂಗಾರದ ದಿನಗಳೆಲ್ಲ ಈ ನಡುವಿನ ಸಂದಿಯಲ್ಲೇ ಕಳೆದವು.

ನಿಂಟೆಂಡೊ ಸುಮ್ಮನಿದ್ದೀತೆ? 1994ರ ನವೆಂಬರಿನಲ್ಲಿ ಅದು ಸ್ಟೀಪ್ಲರ್ ಜತೆ ಕೈಕುಲುಕಿತು. ಡೆಂಡಿಯ ಬಗ್ಗೆ ತಕರಾರು ಎತ್ತುವುದಿಲ್ಲ, ಬದಲಿಗೆ ಸ್ಟೀಪ್ಲರ್ ತನ್ನ ಸೂಪರ್ ನಿಂಟೆಂಡೊ ಮತ್ತು ಗೇಮ್ ಬಾಯ್‌ಗಳನ್ನು ಆ ಭಾಗದಲ್ಲಿ ಅಧಿಕೃತವಾಗಿ ಮಾರಬೇಕು. ನಕಲು ಮಾರಿದವರ ಕೈಗೇ ಅಸಲಿ ಮಾಲಿನ ಹಕ್ಕು ಸಿಕ್ಕಿತು. ಇದು ವಿಚಿತ್ರ ಎನಿಸಿದರೂ ವ್ಯಾಪಾರದ ಲೆಕ್ಕದಲ್ಲಿ ಸರಿಯಾದ ನಡೆ. ಇಷ್ಟು ದೊಡ್ಡ ದೇಶದಲ್ಲಿ ಡೀಲರುಗಳ ಜಾಲ, ಟಿವಿ ಕಾರ್ಯಕ್ರಮ, ಮಕ್ಕಳ ವಿಶ್ವಾಸ ಇದ್ದದ್ದು ಸ್ಟೀಪ್ಲರ್ ಹತ್ತಿರ ಮಾತ್ರ.

ಆ ಹೊತ್ತಿಗೆ ನಕಲಿನ ನಕಲುಗಳು ಮುತ್ತಿಕೊಂಡಿದ್ದವು. ಲೀಫಾ, ಕೆಂಗಾ, ಕೀಬೋರ್ಡ್ ಇದ್ದ ಚೀನಾದ ಸ್ಯೂಬೋರ್, ಇನ್ನೂ ಹಲವು. ಡೆಂಡಿಯ ಒಳಗೆ ತನ್ನದೇ ಆದ ತಂತ್ರ ಯಾವುದೂ ಇಲ್ಲದ್ದರಿಂದ ಅವುಗಳನ್ನು ತಡೆಯಲು ಸ್ಟೀಪ್ಲರ್‌ಗೆ ಹೆಸರೊಂದನ್ನು ಬಿಟ್ಟರೆ ಬೇರೆ ಆಯುಧ ಇರಲಿಲ್ಲ. ಸೆಗಾದ 16 ಬಿಟ್ ಯಂತ್ರದ ನಕಲುಗಳೂ ಅಗ್ಗವಾದವು. 1996ರಲ್ಲಿ ಸ್ಟೀಪ್ಲರ್ ಬಾಗಿಲು ಹಾಕಿತು. ಡೆಂಡಿ ಹೆಸರಿನ ಪೆಟ್ಟಿಗೆಗಳು ಮತ್ತೂ ಕೆಲ ಕಾಲ ಬಂದವು. 1998ರ ರೂಬಲ್ ಕುಸಿತ, ಅದರ ಬೆನ್ನಿಗೆ ಪ್ಲೇಸ್ಟೇಷನ್ ಸೇರಿ ಡೆಂಡಿಯಂಥ 8 ಬಿಟ್ ಯಂತ್ರಗಳ ವ್ಯಾಪಾರವನ್ನು ಬಯಲು ಮಾರುಕಟ್ಟೆಗೇ ವಾಪಸ್ ಕಳಿಸಿದವು.

ಅಟ್ಟದ ಮೇಲಿನ ಪೆಟ್ಟಿಗೆ

ಭಾರತದಲ್ಲೂ ಇದೇ ಬಳಗದ ಯಂತ್ರಗಳು ಬಂದಿದ್ದವು. ಮೀಡಿಯಾ ಕಂಪನಿ ಮಾರುತ್ತಿದ್ದ ಲಿಟಲ್ ಮಾಸ್ಟರ್ ಅನೇಕರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ನ್ಯಾಷನಲ್ ಮಾರ್ಕೆಟ್, ಎಸ್.ಪಿ. ರಸ್ತೆಯಂಥ ಕಡೆ 60 ಪಿನ್‌ನ ಕಾರ್ಟ್ರಿಡ್ಜ್‌ಗಳು ಬುಟ್ಟಿಯಲ್ಲಿ ಸಿಗುತ್ತಿದ್ದವು. ನಮ್ಮದೂ ಪಾಲ್ ಟಿವಿ ಆದ್ದರಿಂದ ಈ ಪೆಟ್ಟಿಗೆಗಳ ಒಳಗುಟ್ಟು ಬಹುಪಾಲು ಡೆಂಡಿಯದೇ. ಇಂಥದ್ದೊಂದು ಮನೆಯಲ್ಲಿ ಉಳಿದಿದ್ದರೆ ಓಡಿಸಿ ನೋಡಲು ಅಡ್ಡಿಯಿಲ್ಲ.

ಮೊದಲು ನೋಡಬೇಕಾದ್ದು ಅಡಾಪ್ಟರ್. ಹೊರಗಿನಿಂದ ಸುಮಾರು 9 ವೋಲ್ಟ್ ಬರುತ್ತದೆ, ಒಳಗೆ 7805 ಎಂಬ ಮೂರು ಕಾಲಿನ ಬಿಡಿಭಾಗ ಅದನ್ನು 5ಕ್ಕೆ ಇಳಿಸುತ್ತದೆ. ಅದಕ್ಕೇ ಪೆಟ್ಟಿಗೆ ಬಿಸಿಯಾಗುವುದು. ಈ ಬಳಗದ ಯಂತ್ರಗಳಲ್ಲಿ ಪ್ಲಗ್ಗಿನ ನಡುವಿನ ಮೊನೆ ಮೈನಸ್ ಆಗಿರುವುದು ಸಾಮಾನ್ಯ, ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಅದು ಪ್ಲಸ್. ಪೆಟ್ಟಿಗೆಯ ಹಿಂದಿನ ಗುರುತು ನೋಡದೆ ಸಿಕ್ಕಿಸಿದರೆ ಯಂತ್ರ ಸುಡಬಹುದು. ಕಾರ್ಟ್ರಿಡ್ಜ್‌ಗೆ ಬಾಯಿಂದ ಊದುವ ನಮ್ಮೆಲ್ಲರ ಹಳೆಯ ಚಾಳಿಯಿಂದ ತೇವ ಕೂತು ಲೋಹ ಕಪ್ಪಾಗುತ್ತದೆ. ಕೆಲಸ ಮಾಡಿದಂತೆ ಕಂಡದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಆ ಹೊಂಬಣ್ಣದ ಅಂಚನ್ನು ಒರೆಸಿ, ಒಣಗಿಸಿ ಹಾಕಿ. ಹಳದಿ ಎವಿ ತಂತಿ ಇದ್ದರೆ ಆಂಟೆನಾ ದಾರಿ ಬಿಟ್ಟು ಅದನ್ನೇ ಬಳಸಿ.

ಬಂದೂಕಿನ ಆಟ ಮಾತ್ರ ಹೊಸ ಟಿವಿಯಲ್ಲಿ ನಡೆಯದು. 'ಡಕ್ ಹಂಟ್'ನಲ್ಲಿ ಕುದುರೆ ಎಳೆದ ಕ್ಷಣ ಪರದೆ ಒಂದು ಚಿತ್ರದಷ್ಟು ಕಪ್ಪಾಗಿ, ಮುಂದಿನ ಚಿತ್ರದಲ್ಲಿ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ನಳಿಕೆಯೊಳಗಿನ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಏಟು ತಗಲಿದಂತೆ. ಎಲ್‌ಸಿಡಿ ಟಿವಿ ಚಿತ್ರವನ್ನು ಕೆಲವು ಚಿತ್ರಗಳಷ್ಟು ತಡಮಾಡಿ ತೋರಿಸುವುದರಿಂದ ಕಣ್ಣು ನೋಡುವ ಹೊತ್ತಿಗೆ ಚೌಕ ಬಂದಿರುವುದೇ ಇಲ್ಲ. ಅದಕ್ಕೆ ಹಳೆಯ ಡಬ್ಬಿ ಟಿವಿಯೇ ಆಗಬೇಕು.

ಪೆಟ್ಟಿಗೆಯೇ ಸತ್ತಿದ್ದರೆ, ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ಇದೆ. ಮೆಸೆನ್, ಎಫ್‌ಸಿಇಯುಎಕ್ಸ್ ಇವುಗಳ ಸೆಟ್ಟಿಂಗ್‌ನಲ್ಲಿ ಪ್ರದೇಶ ಆರಿಸುವ ಜಾಗಕ್ಕೆ ಹೋದರೆ ಎನ್‌ಟಿಎಸ್‌ಸಿ, ಪಾಲ್ ಎಂಬವುಗಳ ಕೆಳಗೆ ಡೆಂಡಿ ಎಂಬ ಆಯ್ಕೆ ಸಿಗುತ್ತದೆ. ಆ 312 ಗೆರೆ, 51 ಗೆರೆಯ ಖಾಲಿ ಸಮಯ, 1.77 ಮೆಗಾಹರ್ಟ್ಸ್ ಎಲ್ಲವನ್ನೂ ಅಲ್ಲಿ ಹಾಗೆಯೇ ಹಿಡಿದಿಟ್ಟಿದ್ದಾರೆ. ಆಟದ ಫೈಲುಗಳಿಗಾಗಿ ರೂಪಿಸಿರುವ ಎನ್‌ಇಎಸ್ 2.0 ಎಂಬ ನಮೂನೆಯಲ್ಲೂ ಯಂತ್ರದ ಬಗೆ ತಿಳಿಸುವ ಬೈಟ್‌ಗೆ ನಾಲ್ಕು ಬೆಲೆಗಳಿವೆ: 0 ಎಂದರೆ ಎನ್‌ಟಿಎಸ್‌ಸಿ, 1 ಪಾಲ್, 2 ಎಂದರೆ ಎರಡರಲ್ಲೂ ಓಡುವಂಥದ್ದು, 3 ಡೆಂಡಿ. ಬಾಲ್ಯದಲ್ಲಿ ಆಡಿದ ವೇಗದಲ್ಲೇ ಮಾರಿಯೋ ಓಡಬೇಕು ಎನ್ನುವವರು, ಅವರು ಆಡಿದ್ದು ನೊವೊಸಿಬಿರ್ಸ್ಕ್‌ನಲ್ಲಾಗಲಿ ದಾವಣಗೆರೆಯಲ್ಲಾಗಲಿ, ಆರಿಸಬೇಕಾದ್ದು ಆ ಡೆಂಡಿ ಆಯ್ಕೆಯನ್ನೇ.